ಸುಳಿಗೆ ಎಷ್ಟು ಮಾರ್ಕು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹುರುಳಿ ಬೇಯುತ್ತಿತ್ತು. ಅವರು ಕಟ್ಟಿನ ಸಾರಿಗೆ ಇಟ್ಟಿದ್ದರಂತೆ. ಆ ವಾಸನೆಗೆ ಬೇರೆಯವರಿಗೆ ಊಟ ನೆನಪಾಗಬಹುದು. ನನಗೆ ಎತ್ತುಗಳು ನೆನಪಾದವು. ದೊಡ್ಡ ಮಡಕೆಯಲ್ಲಿ ಬೇಯಿಸಿದ ಹುರುಳಿ, ಅದನ್ನು ಬಿದಿರಿನ ಮೊರದಲ್ಲಿ ಹರಡಿ ಆರಿಸುತ್ತಿದ್ದ ಎರಡು ಕೈಗಳು, ಕೈಗಳ ಪಕ್ಕಕ್ಕೇ ಮೂತಿ ಚಾಚಿ ಉಸಿರು ಬಿಡುತ್ತಿದ್ದ ಒಂದು ಬಿಳಿ ಎತ್ತು... ಕಡೂರಿನ ಈ ಮನೆಯ ಕಿಟಕಿಯಲ್ಲಿ ಕೂತು ನಾನು ಆ ದಿನ ಬೇರೇನೂ ಮಾಡಲಿಲ್ಲ.

ಆ ಕೈಗಳ ಒಡತಿಯನ್ನು ನಾನು ಎದುರುಮನೆ ಅಕ್ಕ ಎಂದು ಕರೆಯುತ್ತಿದ್ದೆ. ಐವತ್ತರ ದಶಕದ ಕೊನೆಯಲ್ಲಿ ನನಗೆ ಮೊದಲ ನೌಕರಿ ಸಿಕ್ಕಿದ್ದು ಅಜ್ಜಂಪುರದ ಹತ್ತಿರದ ಒಂದು ಊರಿನ ಏಕೋಪಾಧ್ಯಾಯ ಶಾಲೆಯಲ್ಲಿ. ಎರೆ ಭೂಮಿಯ ಊರು. ಮಳೆ ಬಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ನನಗೆ ಬಾಡಿಗೆಗೆ ಸಿಕ್ಕ ಕೋಣೆಯ ಎದುರಿಗೇ ಅವರ ಮನೆ. ಗಂಡ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಊರ ಕೆಳಗಿನ ಒಂದು ಹೊಲ, ಒಂದು ಜೋಡಿ ಎತ್ತು, ಅಷ್ಟೇ ಅವರ ಬದುಕು. ಪಕ್ಕದ ಮನೆಯಲ್ಲಿ ಗಂಡನ ತಮ್ಮನ ಸಂಸಾರ.

ಜೋಡಿಯಲ್ಲಿ ಬಲಗಡೆಯ ಬಿಳಿ ಎತ್ತಿಗೆ ಕತ್ತಿನ ಮೇಲೆ, ನೊಗ ಕೂರುವ ಜಾಗದ ತುಸು ಹಿಂದೆ, ಒಂದು ಸುಳಿ ಇತ್ತು. ಕೂದಲು ಸುತ್ತಿಕೊಂಡು ಬೆಳೆದ ಒಂದು ಗುರುತು, ಅಷ್ಟೆ. ಆದರೆ ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ಹಿಡಿದು ನೋಡುವ ಮೊದಲು ಸುಳಿ ನೋಡುತ್ತಾರೆ. ಆ ಜಾಗದ ಸುಳಿ ಒಡೆಯನಿಗೆ ಆಗುವುದಿಲ್ಲ ಎಂದು ಮಾತು. ಆ ಎತ್ತು ಮನೆಗೆ ಬಂದ ವರ್ಷವೇ ಅಕ್ಕನ ಗಂಡ ಜ್ವರದಲ್ಲಿ ಹೋದರು. ಊರವರು ಮೊದಲು ಎತ್ತನ್ನು ಅಂದರು. ಆಮೇಲೆ ಯಾರಿಗೋ ಇನ್ನೊಂದು ವಿಷಯ ನೆನಪಾಯಿತು: ಅಕ್ಕನ ಹಿಂಗತ್ತಿನ ಮೇಲೂ ಒಂದು ಸುಳಿ ಇದೆ, ಮದುವೆಯಲ್ಲಿ ತಲೆ ಬಾಚಿದ ಹೆಂಗಸರು ನೋಡಿದ್ದಾರೆ ಎಂದು. ಅಂದಿನಿಂದ ಎರಡನ್ನೂ ಸೇರಿಸಿ ಆಡಿಕೊಳ್ಳುವುದು ಅಭ್ಯಾಸವಾಯಿತು.

ಆಡಿಕೊಳ್ಳುವುದಷ್ಟೇ ಆಗಿದ್ದರೆ ಅಕ್ಕ ಸಹಿಸುತ್ತಿದ್ದರೇನೋ. ಆದರೆ ಅದರಿಂದ ಕೆಲಸ ನಿಂತಿತು. ಆ ಎತ್ತಿನ ಹಿಂದೆ ನೇಗಿಲು ಹಿಡಿಯಲು ಆಳುಗಳು ಒಪ್ಪುತ್ತಿರಲಿಲ್ಲ. ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡುವ ಮುಯ್ಯಿಗೂ ಯಾರೂ ತಮ್ಮ ಎತ್ತನ್ನು ಅದರ ಜೊತೆ ಕಟ್ಟುತ್ತಿರಲಿಲ್ಲ. ಮೈದುನ ದಿನಕ್ಕೊಂದು ಸಲ ಬಂದು ಎತ್ತು ಮಾರಿಬಿಡಿ, ಹೊಲ ನಾನು ನೋಡಿಕೊಳ್ಳುತ್ತೇನೆ, ನಿಮಗೆ ಕಾಳು ಕಡಿ ತಂದು ಹಾಕುತ್ತೇನೆ ಎನ್ನುತ್ತಿದ್ದ. ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದ, ಅದನ್ನೂ ಬರೆಯಬೇಕು. ಅಕ್ಕನಿಗೆ ಮಾತ್ರ ಒಂದು ಸಲ ಹೊಲ ಕೈಬಿಟ್ಟರೆ ತಾನು ಪಕ್ಕದ ಮನೆಯ ಹಿತ್ತಲಲ್ಲಿ ಪಾತ್ರೆ ಉಜ್ಜುವವಳಾಗುತ್ತೇನೆಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಜ್ಜಂಪುರದಲ್ಲಿ ದನಗಳ ಪ್ರದರ್ಶನ ಇಟ್ಟರು. ಒಳ್ಳೆ ಜೋಡಿಗೆ ಬಹುಮಾನ. ಅಕ್ಕ ತಮ್ಮ ಜೋಡಿಯನ್ನು ಕರೆದೊಯ್ಯುತ್ತೇನೆ ಎಂದಾಗ ಊರಿನ ಕಟ್ಟೆಯ ಮೇಲೆ ನಗು ಎದ್ದಿತು. ಮೈದುನ ಎಲ್ಲರೆದುರು ಹೇಳಿದ, ಸುಳಿ ಎತ್ತನ್ನು ಅಲ್ಲಿ ಕಣಕ್ಕೇ ಬಿಡುವುದಿಲ್ಲ, ತಿರುಗಿಸಿ ಕಳಿಸುತ್ತಾರೆ; ತಿರುಗಿಸಿ ಕಳಿಸಿದ ಮೇಲಾದರೂ ಮಾರುತ್ತೀರಾ ಎಂದು. ಅಕ್ಕ ಹೇಳಿದರು:

"ಆಯ್ತು ಕಣಪ್ಪಾ. ತಿರುಗ್ಸಿ ಕಳ್ಸುದ್ರೆ ಅಲ್ಲೇ ಮಾರ್ಬಿಟ್ಟು ಬತ್ತೀನಿ. ಹೊಲಾನೂ ನೀನೇ ನೋಡ್ಕೋ."

ಆ ಮಾತು ಕೇಳಿದವರು ಅನೇಕರು. ಹಿಂದೆಗೆಯಲು ದಾರಿ ಇರಲಿಲ್ಲ.

ಪ್ರದರ್ಶನ ನಡೆದದ್ದು ರೈಲ್ವೆ ಸ್ಟೇಷನ್ನಿನ ಆಚೆಯ ಬಯಲಿನಲ್ಲಿ. ತೀರ್ಪು ಕೊಡುವವರು ಮೂವರು: ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಪಶುವೈದ್ಯರು, ನಮ್ಮ ಕಡೆಯ ಒಬ್ಬ ಪಟೇಲರು, ತರೀಕೆರೆಯ ಒಬ್ಬ ದನದ ದಲ್ಲಾಳಿ ಸಾಬರು. ಮಾರ್ಕು ಹಾಕುವ ಹಾಳೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಕೊಟ್ಟ ಮಾರ್ಕನ್ನು ಬರೆದುಕೊಳ್ಳಲು ಒಬ್ಬ ಮೇಷ್ಟರು ಬೇಕೆಂದು ನನ್ನನ್ನು ಕರೆಸಿದ್ದರು. ಹಾಗಾಗಿ ನಡೆದದ್ದನ್ನೆಲ್ಲ ನಾನು ಮೇಜಿನ ಪಕ್ಕದಲ್ಲೇ ನಿಂತು ನೋಡಿದೆ.

ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿದ್ದ ಪದ ಕ್ರೈಟೀರಿಯ. ನಾನು ಅದನ್ನು ಹಾಗೆಯೇ ಓದಿ ನಿಂತೆ. ಕನ್ನಡದಲ್ಲಿ ಏನೆನ್ನಬೇಕೆಂದು ಹೊಳೆಯಲಿಲ್ಲ. ವೈದ್ಯರೇ ಎದ್ದು ಜನರಿಗೆ ವಿವರಿಸಿದರು. ಏನೇನನ್ನು ನೋಡಿ ನಾವು ತೀರ್ಪು ಕೊಡುತ್ತೇವೋ ಅದು ಕ್ರೈಟೀರಿಯ; ಅದನ್ನು ಎತ್ತುಗಳು ಬರುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇವೆ; ಹೇಳಿದ್ದನ್ನು ಬಿಟ್ಟು ಬೇರೆಯದನ್ನು ನೋಡುವುದಿಲ್ಲ ಎಂದರು. ಆಮೇಲೆ ನಾನು ಓದಿದೆ: ಮೈಕಟ್ಟು, ಕಾಲು ಮತ್ತು ಗೊರಸು, ನಡಿಗೆ, ಎಳೆತ. ಗಂಡಸರ ನಡುವೆ ಎತ್ತುಗಳ ಹಗ್ಗ ಹಿಡಿದು ನಿಂತಿದ್ದ ಅಕ್ಕ ತಲೆಯ ಸೆರಗನ್ನು ಕಿವಿಯಿಂದ ಸರಿಸಿ ಕೇಳಿಸಿಕೊಂಡದ್ದನ್ನು ನೋಡಿದೆ.

ಅವರ ಸರದಿ ಬಂತು. ಪಟೇಲರು ಬಲಗಡೆಯ ಎತ್ತಿನ ಕತ್ತಿನ ಮೇಲೆ ಕೈಯಾಡಿಸಿ, ಸುಡುವ ವಸ್ತು ಮುಟ್ಟಿದವರಂತೆ ಕೈ ತೆಗೆದರು. ಇದನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳಿ, ಆಚೆಗೆ ಹೊಡೆದುಕೊಂಡು ಹೋಗಲು ಕೈ ಸನ್ನೆ ಮಾಡಿದರು. ವೈದ್ಯರಿಗೆ ಅರ್ಥವಾಗಲಿಲ್ಲ. ಸಾಬರು ಅವರ ಕಿವಿಯಲ್ಲಿ ಹೇಳಿದರು. ವೈದ್ಯರ ಮುಖ ಸಪ್ಪಗಾಯಿತು. ಅವರು ಕೆಟ್ಟವರಲ್ಲ. ಊರಿಗೆ ಹೊಸಬರು, ಪಟೇಲರನ್ನು ಎದುರು ಹಾಕಿಕೊಂಡು ನಾಳೆ ಆ ಸೀಮೆಯಲ್ಲಿ ಓಡಾಡಬೇಕು. ಅವರು ಹಾಳೆಯನ್ನೇ ನೋಡುತ್ತ ನಿಂತರು.

ಅಕ್ಕ ಕದಲಲಿಲ್ಲ.

"ಮೇಷ್ಟ್ರೇ, ಆಗ್ಲೇ ಓದುದ್ರಲ್ಲ, ಇನ್ನೊಂದ್ಸಾರಿ ಓದಿ."

ನಾನು ಓದಿದೆ.

"ಅದ್ರಲ್ಲಿ ಸುಳಿ ಐತಾ?"

"ಇಲ್ಲ ಅಕ್ಕ."

ಪಟೇಲರು ನಕ್ಕರು. ಸಿಟ್ಟಿನ ನಗುವಲ್ಲ, ತಿಳಿಯದವರಿಗೆ ತಿಳಿಹೇಳುವ ನಗು. "ನೋಡವ್ವ, ಎಲ್ಲಾನೂ ಬರ್ಯಕ್ಕಾಗುತ್ತಾ? ಕೆಲವು ಹಿಂದ್ಲಿಂದ ಗೊತ್ತಿರೋವು."

"ಗೊತ್ತಿದ್ರೆ ಬರ್ಸಿ ಪಟೇಲ್ರೇ. ಈಗ್ಲೇ ಬರ್ಸಿ, ಓದ್ಸಿ. ಆಮೇಲೆ ಇಲ್ಲಿರೋ ಅಷ್ಟು ಎತ್ತಿಗೂ ಸುಳಿ ನೋಡಿ. ನಂದೊಂದಕ್ಕೇ ಯಾಕೆ?"

ಗುಂಪಿನ ಹಿಂದಿನಿಂದ ಒಂದು ದನಿ ಬಂತು. ಮೈದುನನದೇ, ನನಗೆ ಅನುಮಾನವಿಲ್ಲ. "ಎತ್ತೊಂದ್ಕೇ ಅಲ್ಲ ಕಣ್ರಪ್ಪೋ, ಹಿಡ್ಕೊಂಡಿರೋರ್ಗೂ ನೋಡ್ರಿ."

ಜನ ನಕ್ಕರು. ನಗು ಮುಗಿಯುವವರೆಗೆ ಅಕ್ಕ ಕಾದರು. ಆಮೇಲೆ ಹಗ್ಗವನ್ನು ಸಾಬರ ಕೈಗೆ ಕೊಟ್ಟರು. ಸಾಬರು ಏನೂ ಕೇಳದೆ ಹಿಡಿದುಕೊಂಡರು. ಅಕ್ಕ ಮೇಜಿಗೆ ಬೆನ್ನು ಮಾಡಿ ನಿಂತು, ತಲೆಯ ಮೇಲಿನ ಸೆರಗನ್ನು ತೆಗೆದು, ಎರಡೂ ಕೈಯಿಂದ ತುರುಬನ್ನು ಮೇಲಕ್ಕೆತ್ತಿದರು. ಗಂಡ ಸತ್ತ ಹೆಂಗಸು, ಬಯಲಿನಲ್ಲಿ, ಅಷ್ಟು ಗಂಡಸರ ಎದುರು. ಹಿಂಗತ್ತಿನ ಮೇಲೆ ಬೆವರಿಗೆ ಅಂಟಿಕೊಂಡಿದ್ದ ಸಣ್ಣ ಕೂದಲು ಒಂದು ಸುತ್ತು ಸುತ್ತಿಕೊಂಡಿತ್ತು.

"ಇಗಳ್ಳಿ, ನನಗೂ ಐತೆ. ಮುಚ್ಚಿಟ್ಕಂಡಿಲ್ಲ. ಇದಕ್ಕೆ ಎಷ್ಟು ಮಾರ್ಕು ಕಡೀತಾರೆ ಕೇಳಿ ಬರ್ಕಳ್ಳಿ ಮೇಷ್ಟ್ರೇ. ಆಮೇಲೆ ಎತ್ತಿಂದು ನೋಡಾರಂತೆ."

ನನ್ನ ಪೆನ್ಸಿಲ್ ಕೆಳಗೆ ಬಿತ್ತು. ಪಟೇಲರು ಬೇರೆ ಕಡೆ ಮುಖ ತಿರುಗಿಸಿದ್ದರು. ಮೊದಲು ಮಾತಾಡಿದವರು ವೈದ್ಯರು. ಕ್ಷೀಣವಾದ ದನಿಯಲ್ಲಿ, ಸೆರಗು ಹೊದ್ದುಕೊಳ್ಳಿ ತಾಯಿ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಈ ಸಲ ಜನಕ್ಕೆಲ್ಲ ಕೇಳುವಂತೆ, ಹಾಳೆಯಲ್ಲಿ ಇರುವುದನ್ನೇ ನೋಡುತ್ತೇವೆ, ಇಲ್ಲದ್ದನ್ನು ನೋಡುವುದಿಲ್ಲ ಎಂದರು.

"ಹಾಗಾದ್ರೆ ಎಳ್ಸಿ ನೋಡೋಣ ಬನ್ನಿ ಸ್ವಾಮಿ," ಎಂದರು ಸಾಬರು. "ಬಿಸ್ಲು ಏರ್ತಾ ಐತೆ."

ಪಟೇಲರು ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಉಳಿದ ಇಬ್ಬರು ನೋಡಿದರು. ಕಲ್ಲು ಹೇರಿ, ಗಾಲಿಗಳನ್ನು ಹಗ್ಗದಲ್ಲಿ ಬಿಗಿದ ಗಾಡಿಗೆ ಜೋಡಿಯನ್ನು ಕಟ್ಟಿದರು. ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಅಕ್ಕನೇ ಮೂಗುದಾರದ ಹತ್ತಿರ ನಿಂತು ಏನೋ ಮೆಲ್ಲಗೆ ಹೇಳಿದರು. ಎತ್ತುಗಳು ಮಂಡಿಯೂರುವಷ್ಟು ಬಾಗಿ ಎದ್ದವು. ಗಾಡಿ ನೆಲವನ್ನು ಗೀರುತ್ತ ಹೊರಟಿತು.

ಅವಕ್ಕೆ ಬಹುಮಾನ ಬರಲಿಲ್ಲ. ಇದನ್ನು ಮುಚ್ಚಿಟ್ಟು ಕತೆ ಚೆಂದ ಮಾಡಲು ನನಗೆ ಮನಸ್ಸಿಲ್ಲ. ಎಳೆತಕ್ಕೆ ಒಳ್ಳೆಯ ಮಾರ್ಕೇ ಬಂತು. ಆದರೆ ಎಡಗಡೆಯ ಎತ್ತಿನ ಹಿಂಗಾಲಿನ ಗೊರಸು ಬಿರುಕು ಬಿಟ್ಟಿತ್ತು, ನಡಿಗೆಯಲ್ಲಿ ಅದು ಕಂಡಿತು, ವೈದ್ಯರು ಅಲ್ಲಿ ಮಾರ್ಕು ಕಡಿದರು. ಗೆದ್ದದ್ದು ಬೀರೂರಿನ ಕಡೆಯ ಒಂದು ಜೋಡಿ. ನಿಜಕ್ಕೂ ನೋಡುವಂಥ ಎತ್ತುಗಳು. ಊರಿಗೆ ಹಿಂತಿರುಗುವಾಗ ನಾನು ಸಮಾಧಾನ ಹೇಳಲು ಹೋದೆ. ಅಕ್ಕ ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಯಾತಕ್ಕೆ ಬೇಜಾರು ಮೇಷ್ಟ್ರೇ? ಸೋತಿದ್ದು ಗೊರಸಲ್ಲಿ. ಗೊರಸು ಬಿರುಕು ಬಿಟ್ಟೈತೆ, ನಂಗೂ ಗೊತ್ತಿತ್ತು. ಸುಳಿಯಲ್ಲಿ ಸೋತ್ನಾ?"

ತಿರುಗಿಸಿ ಕಳಿಸಿರಲಿಲ್ಲ. ಆದ್ದರಿಂದ ಎತ್ತೂ ಉಳಿಯಿತು, ಹೊಲವೂ ಉಳಿಯಿತು. ಮೈದುನ ಮತ್ತೆ ಆ ಮಾತು ಎತ್ತಲಿಲ್ಲ. ಆಡಿಕೊಳ್ಳುವುದು ನಿಂತಿತೆಂದು ಹೇಳಲಾರೆ. ಆಳುಗಳು ಆ ಮುಂಗಾರಿಗೂ ಬರಲಿಲ್ಲ. ಯಗಟಿಯ ಕಡೆಯಿಂದ ಕುರಿ ಮೇಯಿಸಿಕೊಂಡು ಬಂದಿದ್ದ ಒಬ್ಬ ಮುದುಕ, ಕಣ್ಣು ಸರಿಯಾಗಿ ಕಾಣದವನು, ನನಗೆ ಸುಳಿ ಕಾಣಲ್ಲ ಬುಡಿ ಎಂದು ನಗುತ್ತ ನೇಗಿಲು ಹಿಡಿದ. ಜೋಳ ಬಿತ್ತನೆಯಾಯಿತು. ಸಾಲು ಸೊಟ್ಟಗಿತ್ತು.

ಆ ಪದ ಮಾತ್ರ ಅಕ್ಕನ ನಾಲಿಗೆಯಲ್ಲಿ ನಿಂತುಬಿಟ್ಟಿತು. ನಾನು ಶಾಲೆಯ ನಿಘಂಟು ತೆಗೆದು ಅದಕ್ಕೆ ಅಳತೆಗೋಲು, ಮಾನದಂಡ ಎಂದೆಲ್ಲ ಅರ್ಥ ಹೇಳಿದೆ. ಅಕ್ಕ ಒಪ್ಪಲಿಲ್ಲ. ಅಳತೆಗೋಲು ಎಲ್ಲರ ಮನೆಯಲ್ಲೂ ಇರುತ್ತದೆ, ಅವರವರಿಗೆ ಬೇಕಾದಷ್ಟು ಉದ್ದ. ಇದು ಹಾಗಲ್ಲ, ಇದು ಮೊದಲೇ ಎಲ್ಲರ ಮುಂದೆ ಓದಿದ್ದು ಎಂದರು. ನಿಘಂಟಿನಲ್ಲಿ ಆ ಅರ್ಥ ಇರಲಿಲ್ಲ. ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವರು ಅದನ್ನು ಬಳಸದ ಕಡೆ ಇರಲಿಲ್ಲ. ನಾನು ಒಬ್ಬ ಹುಡುಗನನ್ನು ದಡ್ಡ ಎಂದು ಬೈದರೆ ಜಗುಲಿಯಿಂದಲೇ ಕ್ರೈಟೀರಿಯ ಏನು ಮೇಷ್ಟ್ರೇ ಎಂದು ಕೇಳುತ್ತಿದ್ದರು. ಒಮ್ಮೆ ನಮ್ಮ ಬೀದಿಯ ಒಂದು ಮನೆಗೆ ಹೆಣ್ಣು ನೋಡಲು ಬಂದವರು, ಹುಡುಗಿಯನ್ನು ನಡೆಸಿ, ಹಾಡಿಸಿ, ಜಡೆ ಬಿಚ್ಚಿಸಿ ನೋಡುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತರು. ಏನೇನು ನೋಡುತ್ತೀರೋ ಮೊದಲು ಹೇಳಿಬಿಡಿ, ಆಮೇಲೆ ನಿಮ್ಮ ಹುಡುಗನನ್ನೂ ಅದರಲ್ಲೇ ನೋಡುತ್ತೇವೆ, ಅಂಗಿ ಬಿಚ್ಚಲಿ ಎಂದರು. ಆ ಸಂಬಂಧ ಮುರಿದು ಬಿತ್ತು. ಹುಡುಗಿಯ ತಾಯಿ ಅಕ್ಕನ ಜೊತೆ ಎಷ್ಟೋ ತಿಂಗಳು ಮಾತು ಬಿಟ್ಟಳು. ಹುಡುಗಿ ಬಿಡಲಿಲ್ಲ.

ಅರವತ್ತರ ದಶಕದ ನಡುವೆ ನನಗೆ ತರೀಕೆರೆಗೆ ವರ್ಗವಾಯಿತು. ಅಲ್ಲಿಂದ ಒಂದೆರಡು ಸಲ ಆ ಊರಿಗೆ ಹೋಗಿ ಬಂದೆ. ಬಿಳಿ ಎತ್ತು ಮುಪ್ಪಾಗಿ ಸತ್ತಿತ್ತು; ಅಕ್ಕ ಅದನ್ನು ಹೊಲದ ಬದುವಿನಲ್ಲೇ ಹೂಳಿಸಿದ್ದರು. ಅದಕ್ಕೂ ಜನ ಮಾತಾಡಿದರಂತೆ. ಆಮೇಲೆ ನನ್ನ ಸಂಸಾರ, ಬೇರೆ ಬೇರೆ ಊರು... ಸಂಪರ್ಕ ತಪ್ಪಿತು.

ಬಹಳ ವರ್ಷಗಳ ಮೇಲೆ ಬೀರೂರು ಜಂಕ್ಷನ್ನಿನಲ್ಲಿ ಒಬ್ಬ ಮುದುಕಿ ನನ್ನನ್ನು ಗುರುತು ಹಿಡಿದಳು. ಅಕ್ಕನ ಮೈದುನನ ಹೆಂಡತಿ. ಅಕ್ಕ ತೀರಿಕೊಂಡು ವರ್ಷವಾಯಿತೆಂದು ಅವಳೇ ಹೇಳಿದಳು. ಹೊಲ ಕೊನೆಯವರೆಗೂ ಅವರ ಹೆಸರಿನಲ್ಲೇ ಇತ್ತಂತೆ, ಕೊನೆಯವರೆಗೂ ಅವರೇ ಮಾಡಿಸಿದರಂತೆ. ಕೇಳಿ ನನ್ನ ಎದೆ ತುಂಬಿತು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅವಳು ದನಿ ತಗ್ಗಿಸಿ ಇನ್ನೊಂದು ಹೇಳಿದಳು.

"ಮೈ ತೊಳೆಯೋವಾಗ ನಾವು ನಾಕು ಜನ ಹೆಂಗಸ್ರು ಕತ್ತಲ್ಲಿ ನೋಡುದ್ವಿ ಮೇಷ್ಟ್ರೇ. ಕೂದ್ಲೆಲ್ಲ ಉದುರೋಗಿತ್ತು. ಸುಳಿ ಸಿಕ್ಕಲೇ ಇಲ್ಲ."

ಸತ್ತ ಮೇಲೂ ಹುಡುಕಿದ್ದರು. ಹೊಲ ಉತ್ತಿದ್ದು, ಬೆಳೆದದ್ದು, ಒಬ್ಬರ ಮುಂದೆ ಕೈ ಚಾಚದೆ ಬದುಕಿದ್ದು ಎಲ್ಲವೂ ಆ ಹೆಂಗಸರ ಕಣ್ಣೆದುರೇ ಆಗಿತ್ತು. ಅವರು ಮೊದಲು ನೋಡಿದ್ದು ಕತ್ತನ್ನು. ಯಾಕಮ್ಮ ಹುಡುಕಿದಿರಿ ಎಂದು ಕೇಳಿದೆ. ಅವಳಿಗೆ ನಾನು ಕೇಳಿದ್ದೇನೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಗಾಡಿ ಬಂತು.

ಈಗ ಅಕ್ಕನ ಮುಖವನ್ನು ನೆನಪಿಸಿಕೊಳ್ಳಲು ಕೂತರೆ ಅದು ಸರಿಯಾಗಿ ಮೂಡುವುದಿಲ್ಲ. ಒಂದು ಫೋಟೋ ಕೂಡ ನನ್ನಲ್ಲಿಲ್ಲ. ದನಿ ಮಾತ್ರ ಹಾಗೇ ಇದೆ. ಅವತ್ತು ಬೀರೂರಿನಲ್ಲಿ ಕ್ರೈಟೀರಿಯ ಏನು ಎಂದು ಕೇಳಲು ಅವರಿರಬೇಕಿತ್ತು. ನಾನು ಕೇಳಿದ್ದು ಪಕ್ಕದಲ್ಲಿದ್ದ ಮುದುಕಿಗೂ ನಾಟಲಿಲ್ಲ. ಅಕ್ಕ ಕೇಳಿದ್ದರೆ ಇಡೀ ಸ್ಟೇಷನ್ನು ತಿರುಗಿ ನೋಡುತ್ತಿತ್ತು.