ಸುಗಂಧಾ ವೈನಿಯ ಹೊಸ ಕೀಲು

ನಮ್ಮ ಓಣಿಯಲ್ಲಿ ಸುಗಂಧಾ ವೈನಿಯಷ್ಟು ಶುದ್ಧ ಮನುಷ್ಯರು ಇನ್ನೊಬ್ಬರಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ. ನನ್ನ ದೊಡ್ಡಪ್ಪನ ಮಗ ದಾದಾಸಾಹೇಬಣ್ಣನ ಹೆಂಡತಿ ಅವರು; ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಈಚೆ ಕೂತು ನಲವತ್ತು ವರ್ಷ ಅವರ ಶುದ್ಧಿಯ ಸಪ್ಪಳ ಕೇಳಿದ್ದೇನೆ. ಸೋಸಿದ ನೀರು ಮತ್ತೆ ಸೋಸಬೇಕು, ಸಾಣಿಸಿದ ಹಿಟ್ಟು ಮತ್ತೆ ಸಾಣಿಸಬೇಕು, ತಿಕ್ಕಿದ ಪಾತ್ರೆ ಮತ್ತೆ ತಿಕ್ಕಬೇಕು. ತಿಕ್ಕುವವರು ಬೇರೆಯವರು, ತಿಕ್ಕಿಸುವವರು ವೈನಿ.

ನಾವು ಶಿರಗುಪ್ಪಿ ಕಡೆಯ ಜೈನರು. ಕಬ್ಬು ಬೆಳೆಯುತ್ತೇವೆ, ಹೊತ್ತು ಮುಳುಗುವ ಮೊದಲು ಉಣ್ಣುತ್ತೇವೆ, ಊರಿಗೆ ದಿಗಂಬರ ಮುನಿಗಳು ಬಂದರೆ ಅವರಿಗೆ ಆಹಾರ ಕೊಡುವ ಪುಣ್ಯಕ್ಕೆ ಮುಗಿಬೀಳುತ್ತೇವೆ. ಮಹಾರಾಜರು ಎಂದು ನಾವು ಕರೆಯುವ ಈ ಮುನಿಗಳು ಉಣ್ಣುವುದು ದಿನಕ್ಕೊಂದೇ ಸಲ. ನಿಂತುಕೊಂಡು, ತಮ್ಮ ಬೊಗಸೆಯಲ್ಲೇ. ಮನೆಯವರು ಮಡಿಯುಟ್ಟು ಬರಿಗಾಲಲ್ಲಿ ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ನಮ್ಮ ಮುಂದೆ ನಿಂತರೆ ಮೂರು ಸುತ್ತು ಪ್ರದಕ್ಷಿಣೆ ಹಾಕಿ, ಚೌಕಾ ಎನ್ನುವ ಮಡಿಯ ಅಡುಗೆಕೋಣೆಗೆ ಕರೆದೊಯ್ದು, ಪಾದ ತೊಳೆದು, ನಮ್ಮ ಕೈಯಿಂದ ಅವರ ಬೊಗಸೆಗೆ ತುತ್ತು ಹಾಕಬೇಕು. ನಡುವೆ ತುತ್ತಿನಲ್ಲಿ ಒಂದು ಕೂದಲು ಸಿಕ್ಕರೆ, ಯಾರಾದರೂ ಬಿದ್ದರೆ, ನೋವಿನ ಕೂಗು ಕಿವಿಗೆ ಬಿದ್ದರೆ ಅದು ಅಂತರಾಯ. ಅವರು ಬೊಗಸೆ ಬಿಟ್ಟುಬಿಡುತ್ತಾರೆ. ಆ ದಿನ ಮತ್ತೆ ಅನ್ನವಿಲ್ಲ, ನೀರೂ ಇಲ್ಲ.

ಈ ನೇಮಗಳು ಎಲ್ಲರಿಗೂ ಗೊತ್ತು. ವೈನಿ ಇವುಗಳ ಮೇಲೆ ತಮ್ಮದೊಂದನ್ನು ಸೇರಿಸಿದ್ದರು. ಕುಂಟುವವರು ಚೌಕಾದೊಳಗೆ ಬರಬಾರದು. ಶಾಸ್ತ್ರದಲ್ಲಿ ಹಾಗಿದೆ ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ಯಾವ ಮಹಾರಾಜರ ಬಾಯಿಂದಲೂ ನಾನು ಕೇಳಿಲ್ಲ. ವೈನಿಗೆ ಅವರ ಅತ್ತೆ ಹೇಳಿದ್ದರು, ಅಷ್ಟೇ. ಆ ಮುದುಕಿ ಹೇಳಿದ ನೂರು ಮಾತುಗಳಲ್ಲಿ ವೈನಿ ಪಾಲಿಸಿದ್ದು ಇದೊಂದನ್ನೇ ಇರಬೇಕು. ಯಾಕೆಂದರೆ ಈ ಮಾತನ್ನು ಪಾಲಿಸುವ ಕಷ್ಟ ಅವರದಾಗಿರಲಿಲ್ಲ.

ಆ ಕಷ್ಟ ಸೊಸೆ ಪೂನಮಳ ಪಾಲಿಗೆ ಬಂತು. ರಾಯಬಾಗದ ಹುಡುಗಿ. ಕಾಲೇಜಿಗೆ ಹೋಗುವಾಗ ಗಾಡಿಯಿಂದ ಬಿದ್ದು ತೊಡೆಯ ಎಲುಬು ಮುರಿದು, ಕೂಡುವಾಗ ತುಸು ಗಿಡ್ಡಾಗಿ ಕೂಡಿತ್ತು. ಮಗ ಸುಜಯನಿಗೆ ತಂದುಕೊಳ್ಳುವಾಗ ವೈನಿಗೆ ಅದು ಕಾಣದೇ ಇರಲಿಲ್ಲ. ಹುಡುಗಿಯ ತವರಿನ ಕಬ್ಬಿನ ಹೊಲಗಳೂ ಕಂಡಿದ್ದವು. ಮದುವೆಯಾದ ಮೊದಲ ವರ್ಷವೇ ಊರಿಗೆ ಮುನಿಗಳು ಬಂದರು. ಪೂನಮ ಮಡಿಯುಟ್ಟು ಚೌಕಾದ ಹೊಸ್ತಿಲಿಗೆ ಬಂದಾಗ ವೈನಿ ಅಡ್ಡ ನಿಂತರು. ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು.

“ಹೊಸ್ತಿಲ ಹೊರಗ ಏನ್ ಬೇಕಾದ್ರೂ ಮಾಡ. ಒಳಗ ಕಾಲಿಡಬ್ಯಾಡ. ಕುಂಟೂರ ಕೈಲಿ ಆಹಾರ ನಡಿಯೂದಿಲ್ಲ.”

ಒಂಬತ್ತು ವರ್ಷ ಪೂನಮ ಆ ಹೊಸ್ತಿಲ ಹೊರಗೇ ನಿಂತಳು. ಬಾವಿಯಿಂದ ನೀರು ಸೇದಿದವಳು ಅವಳು, ಜೋಳ ಹಸನು ಮಾಡಿದವಳು ಅವಳು, ಬೀಸಿದವಳೂ ಅವಳೇ. ನೀರು ಸೇದುವಾಗ ಕುಂಟಿದರೆ ನೀರಿಗೆ ಮೈಲಿಗೆಯಿಲ್ಲ, ತುತ್ತು ಹಾಕುವಾಗ ಕುಂಟಿದರೆ ಮಾತ್ರ ದೋಷ. ನಾವು ಯಾರೂ ಒಂದು ಮಾತು ಅನ್ನಲಿಲ್ಲ. ಅವರ ಮನೆಯ ವಿಷಯ ಎಂದು ಸುಮ್ಮನಿದ್ದೆವು. ನಾನೂ ಸುಮ್ಮನಿದ್ದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಅದರಿಂದ ಯಾರಿಗೆ ಏನು ಬಂತು?

ಆರು ವರ್ಷದ ಹಿಂದೆ ವೈನಿಯ ಬಲಗಡೆಯ ಸೊಂಟದ ಕೀಲು ಸವೆಯತೊಡಗಿತು. ಮೊದಮೊದಲು ವಾಯು ಎಂದು ಎಣ್ಣೆ ತಿಕ್ಕಿಸಿಕೊಂಡರು. ಆಮೇಲೆ ಗೋಡೆ ಹಿಡಿದರು, ಕೋಲು ಹಿಡಿದರು. ತಮ್ಮದೇ ನೇಮ ತಮ್ಮ ಕಾಲಿಗೇ ತೊಡರಿಕೊಂಡಿತು. ಅದನ್ನು ಬಿಟ್ಟುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹೊಸ್ತಿಲಲ್ಲಿ ನಿಂತ ಸೊಸೆ ನೋಡುತ್ತಿದ್ದಳಲ್ಲ! ವೈನಿ ತಾವೂ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಇದೆಲ್ಲ ಹಾಗೇ ನಡೆದುಹೋಗುತ್ತಿತ್ತೇನೋ. ಹೋದ ವರ್ಷ ಸಂಕ್ರಾಂತಿಯಾದ ಮೇಲೆ ಒಂದು ಸುದ್ದಿ ಬಂತು. ಮಳೆಗಾಲದ ನಾಲ್ಕು ತಿಂಗಳ ಚಾತುರ್ಮಾಸಕ್ಕೆ ನಮ್ಮ ಊರಿಗೆ ಬರುವ ಮಹಾರಾಜರು ಯಾರೆಂದರೆ, ವೈನಿಯ ಸ್ವಂತ ತಮ್ಮ.

ವೈನಿಯ ತವರು ಕಬ್ಬೂರು. ತಾಯಿ ತೀರಿಕೊಂಡಾಗ ಅವರಿಗೆ ಹನ್ನೆರಡು, ತಮ್ಮ ವೃಷಭನಿಗೆ ನಾಲ್ಕು. ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿ, ತುತ್ತು ಮಾಡಿ ಬಾಯಿಗಿಟ್ಟು ಬೆಳೆಸಿದವರು ವೈನಿ. ಇಪ್ಪತ್ತೆರಡು ವರ್ಷದ ಹಿಂದೆ ಆ ತಮ್ಮ ದೀಕ್ಷೆ ತೆಗೆದುಕೊಂಡ. ಅವತ್ತು ವೈನಿ ಅಳುತ್ತ ‘ತಮ್ಮಾ’ ಎಂದಾಗ ಹಿರಿಯ ಸಾಧ್ವಿ ಮಾತಾಜಿಯೊಬ್ಬರು, ಇನ್ನು ಅವರಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ, ಹಾಗೆ ಕರೆಯಬಾರದು ಎಂದು ತಿದ್ದಿದರು. ವೈನಿ ತಿದ್ದಿಕೊಂಡರು. ಅಂದಿನಿಂದ ಮಹಾರಾಜರು ಎಂದೇ ಅನ್ನುತ್ತಿದ್ದರು. ಮುನಿಯಾದವನಿಗೆ ಅಕ್ಕ ಮಾಡಬಹುದಾದದ್ದು ಇನ್ನು ಒಂದೇ. ಬೊಗಸೆಗೆ ಒಂದು ತುತ್ತು ಹಾಕುವುದು. ಅದಕ್ಕೆ ಇಪ್ಪತ್ತೆರಡು ವರ್ಷ ಅವರಿಗೆ ಯೋಗ ಕೂಡಿಬಂದಿರಲಿಲ್ಲ. ಈಗ ಬಂದಿತ್ತು, ಕಾಲಿರಲಿಲ್ಲ.

“ಆಪರೇಶನ್ ಮಾಡಸ್ರಿ. ನಾ ನೆಟ್ಟಗ ನಡೀಬೇಕ,” ಎಂದು ಗಂಡನಿಗೆ ಹೇಳಿದರು. ವರ್ಷಗಟ್ಟಲೆ ಎಲ್ಲರೂ ಹೇಳಿ ಸೋತಿದ್ದ ಮಾತನ್ನು ಅವರೇ ಹೇಳಿದರು.

ಮಿರಜಿಗೆ ಕರೆದುಕೊಂಡು ಹೋದೆವು. ಡಾಕ್ಟರು ಲೋಹದ ಕಡ್ಡಿ, ಅದರ ತುದಿಯ ಗುಂಡು, ಅದು ಕೂಡುವ ಬಟ್ಟಲು ಎಲ್ಲ ತೋರಿಸಿದರು. ವೈನಿ ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಯಾವ ಪ್ರಾಣಿಯ ಎಲುಬಾದರೂ ಇದೆಯೋ ಎಂದು. ಇಲ್ಲವೆಂದ ಮೇಲೆ, ಗುಳಿಗೆಯ ಮೇಲಿನ ಸಿಪ್ಪೆ ಏತರದ್ದು ಎಂದು ಕೇಳಿದರು. ನೆಲದ ಮೇಲೆ ಕೂಡಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳುತ್ತ ಹೋದದ್ದಕ್ಕೆಲ್ಲ ತಲೆಯಾಡಿಸಿದರು. ಕೊನೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು: ಎಲುಬು ಬಹಳ ಸವೆದಿದೆ, ಕಾಲನ್ನು ಪೂರ್ತಿ ಉದ್ದ ಮಾಡಲು ಹೋದರೆ ನರಕ್ಕೆ ಪೆಟ್ಟಾಗುತ್ತದೆ, ಆದ್ದರಿಂದ ನೋವು ಹೋಗುತ್ತದೆ, ಆದರೆ ಅರ್ಧ ಬೆರಳಷ್ಟು ಗಿಡ್ಡವಾಗಿಯೇ ಉಳಿಯುತ್ತದೆ. ಇದನ್ನು ನಾನು ಕೇಳಿದೆ, ಅಣ್ಣ ಕೇಳಿದ. ವೈನಿಯ ಕಿವಿಗೆ ಅದು ಹೋಗಲೇ ಇಲ್ಲ.

ರಕ್ತ ತಪಾಸಣೆ, ಹೃದಯದ ಪಟ್ಟಿ, ಹಲ್ಲಿನಲ್ಲಿ ಕೀವು ಇದೆಯೇ ಎಂದು ನೋಡುವುದು, ಎಲ್ಲ ಮುಗಿಯಲು ಒಂದು ತಿಂಗಳು. ಅಷ್ಟರಲ್ಲಿ ಪೂನಮ ಮನೆಯನ್ನು ಸಜ್ಜು ಮಾಡಿದಳು. ಮಂಚದ ಕಾಲುಗಳಿಗೆ ಕಟ್ಟಿಗೆ ಕೊಟ್ಟು ಎತ್ತರಿಸಿದಳು, ಜಮಖಾನೆಗಳನ್ನೆಲ್ಲ ಸುತ್ತಿಟ್ಟಳು, ಪಾಯಖಾನೆಗೆ ಎತ್ತರದ ಕುರ್ಚಿ ತರಿಸಿದಳು. ಆಪರೇಶನ್ನಿನ ನಂತರ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವುದನ್ನೂ, ಮಗ್ಗುಲು ಹೊರಳಿಸುವಾಗ ತೊಡೆಗಳ ನಡುವೆ ದಿಂಬಿಟ್ಟು ಕಾಲನ್ನು ಹೇಗೆ ಹಿಡಿಯಬೇಕೆಂಬುದನ್ನೂ ನರ್ಸ್ ಅವಳೊಬ್ಬಳಿಗೇ ಕಲಿಸಿದಳು. ಆಪರೇಶನ್ ಆಗಿ ಮನೆಗೆ ಬಂದಮೇಲೆ ಆರು ವಾರ ಮಲಮೂತ್ರ ಬಳಿದವಳು ಅವಳು. ಬಳಿದು ಬಂದವಳನ್ನು, ಗುಳಿಗೆ ಮುಟ್ಟುವ ಮೊದಲು ತಲೆ ಮೇಲೆ ನೀರು ಹಾಕಿಕೊಂಡು ಬಾ ಎಂದು ಕಳಿಸಿದವರು ವೈನಿ. ದಿನಕ್ಕೆ ನಾಲ್ಕು ಸಲ ಆ ಹುಡುಗಿ ಸ್ನಾನ ಮಾಡುವ ಸಪ್ಪಳ ಗೋಡೆಯೀಚೆ ನನಗೆ ಕೇಳುತ್ತಿತ್ತು.

ಮೂರನೆಯ ತಿಂಗಳು ವಾಕರ್ ಬಿಟ್ಟರು. ನೋವು ಹೋಗಿತ್ತು. ಕುಂಟು ಹೋಗಿರಲಿಲ್ಲ. ಕುಡಚಿ ಸ್ಟೇಶನ್ನಿನ ಹತ್ತಿರ ಒಬ್ಬ ಮೋಚಿ ಬಲಗಾಲ ಚಪ್ಪಲಿಗೆ ಅರ್ಧ ಬೆರಳು ದಪ್ಪದ ಅಟ್ಟೆ ಹಚ್ಚಿಕೊಟ್ಟ. ಅದನ್ನು ಮೆಟ್ಟಿಕೊಂಡು ವೈನಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು ನೋಡಿ, ಹೆಂಗಸರು ಬಾಗಿಲಿಗೆ ಬಂದು ನಿಂತರು. ಕುಂಟಿನ ಸುಳಿವೇ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟಮೇಲೆ ವೈನಿಗೆ ನೆನಪಾಯಿತು. ಚೌಕಾದಲ್ಲಿ ಚಪ್ಪಲಿ ಎಲ್ಲಿಂದ ಬರಬೇಕು?

ಅಂದಿನಿಂದ ತುದಿಗಾಲಿನ ಅಭ್ಯಾಸ ಶುರುವಾಯಿತು. ಬಲಗಾಲಿನ ಬೆರಳ ಮೇಲೆ ನಿಂತರೆ ಎರಡೂ ಕಾಲು ಸಮ. ಸೀರೆಯ ನೆರಿಗೆ ಇಳಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ದಿನವೂ ನಡೆದರು. ಒಂದು ದಿನ ನಾನು ಅಣ್ಣನ ಹತ್ತಿರ ಕೂತಿದ್ದಾಗ ಪೂನಮ ಅತ್ತೆಯ ನಡಿಗೆ ನೋಡಿ ಮೆಲ್ಲಗೆ ಹೇಳಿದಳು:

“ಫರ್ಸಿ ಹಸಿ ಇದ್ರ ಜಾರತೈತ್ರಿ ಅತ್ತಿ. ನಾನೂ ಮದಲ ಹಂಗ ನಡದು ಬಿದ್ದೇನ್ರಿ.”

“ನಿನ್ನ ಕಾಲಿಗೆ ನನ್ನ ಕಾಲ ಹೋಲಸಬ್ಯಾಡ,” ಎಂದರು ವೈನಿ. “ನಂದು ಕುಂಟ ಅಲ್ಲ. ಆಪರೇಶನ್.”



ಆಷಾಢದಲ್ಲಿ ಮಹಾರಾಜರು ಬಂದರು. ಐವತ್ತಾರರ ಮೈ, ಎಲುಬಿನ ಹಂದರ. ಒಂದು ದಿನ ಬಿಟ್ಟು ಒಂದು ದಿನ ಮಾತ್ರ ಆಹಾರ. ಉಪ್ಪು, ಸಕ್ಕರೆ ಬಿಟ್ಟು ವರ್ಷಗಳಾಗಿದ್ದವು. ವೈನಿಯ ಹಾಲು-ರೊಟ್ಟಿಗೆ ಎರಡೂ ಬೇಕಿರಲಿಲ್ಲ. ಆಹಾರದ ದಿನಗಳಲ್ಲಿ ಹತ್ತು ಸಲ ಅಣ್ಣ, ವೈನಿ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಹತ್ತೂ ಸಲ ಮಹಾರಾಜರು ನೋಡದೇ ಮುಂದೆ ಹೋದರು. ಹನ್ನೊಂದನೆಯ ಸಲ ನಿಂತರು.

ನಾನೂ ಮಡಿಯುಟ್ಟು ಒಳಗೆ ತಾಟು ಹಿಡಿದು ನಿಂತಿದ್ದೆ, ಎಲ್ಲವನ್ನೂ ನೋಡಿದೆ. ಮೂರು ಪ್ರದಕ್ಷಿಣೆಯನ್ನು ವೈನಿ ತುದಿಗಾಲಲ್ಲಿ ಒಂದಿಷ್ಟೂ ತಪ್ಪದೇ ಹಾಕಿದರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅಣ್ಣ ಪಾದ ತೊಳೆದ. ಪಾದದ ಕೆಳಗಿಟ್ಟಿದ್ದ ಅಗಲ ಪರಾತದಿಂದ ನೀರು ಸಿಡಿದು ಫರ್ಸಿ ಕಲ್ಲಿನ ನೆಲದ ಮೇಲೆ ಹರಿಯಿತು. ಮಹಾರಾಜರು ಎದ್ದು ನಿಂತು ಬೊಗಸೆ ಒಡ್ಡಿದರು. ವೈನಿ ಬಟ್ಟಲಿನಿಂದ ಹಾಲು-ರೊಟ್ಟಿಯ ತುತ್ತು ತೆಗೆದುಕೊಂಡರು. ಮಹಾರಾಜರ ಬೊಗಸೆ ಎರಡು ಹೆಜ್ಜೆಯಷ್ಟು ದೂರ. ಆ ಎರಡು ಹೆಜ್ಜೆ ಕುಂಟಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಮೊದಲ ಹೆಜ್ಜೆ ಸರಿ ಹೋಯಿತು. ಎರಡನೆಯದರಲ್ಲಿ ಬೆರಳು ಹಸಿ ನೆಲದ ಮೇಲೆ ಜಾರಿ, ಕಾಲು ಒಳಗೆ ತಿರುಚಿತು. ಲಟಕ್ ಎಂಬ ಶಬ್ದ ಎಲ್ಲರಿಗೂ ಕೇಳಿತು. ವೈನಿ ಬಿದ್ದು ಕಿರುಚಿದರು. ತುತ್ತು ನೆಲದ ಮೇಲೆ ಚದುರಿತು.

ಮಹಾರಾಜರು ಬೊಗಸೆ ಬಿಟ್ಟರು. ಒಂದು ಕ್ಷಣ ಕಣ್ಣು ಮುಚ್ಚಿ ನಿಂತು, ಕಮಂಡಲು ತೆಗೆದುಕೊಂಡು ಹೊರಗೆ ನಡೆದರು. ಹಿಂದಿನ ದಿನ ಉಪವಾಸ, ಇವತ್ತು ಅಂತರಾಯ, ನಾಳೆ ಮತ್ತೆ ಉಪವಾಸ. ಮೂರು ದಿನ ತಮ್ಮನನ್ನು ಹಸಿವಿನಲ್ಲಿ ಕೆಡವಿ ಅಕ್ಕ ನೆಲದ ಮೇಲೆ ಬಿದ್ದಿದ್ದರು.

ಅಣ್ಣ ಎತ್ತಲು ಹೋದ. ವೈನಿ ಇನ್ನಷ್ಟು ಚೀರಿದರು. ಆ ಕಾಲನ್ನು ಹೇಗೆ ಹಿಡಿಯಬೇಕೆಂದು ಗೊತ್ತಿದ್ದವಳು ಒಬ್ಬಳೇ. ಅವಳು ಒಂಬತ್ತು ವರ್ಷ ನಿಂತ ಜಾಗದಲ್ಲೇ, ಹೊಸ್ತಿಲ ಹೊರಗೆ, ಕೋಣೆಯಿಂದ ಓಡಿ ತಂದ ದಿಂಬನ್ನು ಎದೆಗೆ ಹಿಡಿದು ನಿಂತಿದ್ದಳು. ಅಣ್ಣ ಕರೆದ. ನಾನೂ ಕರೆದೆ. ಅವಳು ನಮ್ಮ ಕಡೆ ನೋಡಲಿಲ್ಲ.

“ನಾ ಒಳಗ ಹೆಂಗ ಬರ್ಲಿರಿ ಅತ್ತಿ? ನೀವ ಹೇಳ್ರಿ.”

ಸಿಟ್ಟಿನ ದನಿಯಲ್ಲ. ಹಿಟ್ಟು ಎಷ್ಟು ನಾದಲಿ ಎಂದು ಕೇಳುವ ದನಿ. ಓಣಿಯ ಹೆಂಗಸರು ಅವಳ ಹಿಂದೆ ಗುಂಪಾಗಿ ನಿಂತಿದ್ದರು, ಒಬ್ಬರೂ ಅಲುಗಲಿಲ್ಲ. ವೈನಿ ತುಟಿ ಕಚ್ಚಿ ಸೊಸೆಯ ಮುಖವನ್ನೇ ನೋಡಿದರು. 

“ಬಾ,” ಎಂದರು ಕೊನೆಗೆ.

ಕೇಳಲಿಲ್ಲವೆಂಬಂತೆ ಪೂನಮ ಇನ್ನೂ ಅಲ್ಲೇ ನಿಂತಳು. ವೈನಿ ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಬೇಕಾಯಿತು. ಆಗ ಅವಳು ಕುಂಟುತ್ತ ಒಳಗೆ ಬಂದು, ತೊಡೆಗಳ ನಡುವೆ ದಿಂಬಿಟ್ಟು, ಚೆಲ್ಲಿದ ಹಾಲಿನಲ್ಲಿ ಮೊಣಕಾಲೂರಿ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು.

ಮಿರಜಿನಲ್ಲಿ ಮತ್ತೆ ಅರಿವಳಿಕೆ ಕೊಟ್ಟು ತಪ್ಪಿದ ಕೀಲು ಕೂಡಿಸಿದರು. ಸೊಂಟಕ್ಕೆ ಪಟ್ಟಿ, ತಿಂಗಳೊಪ್ಪತ್ತು ಮಂಚ. ಮನೆಗೆ ಬಂದ ವಾರದಲ್ಲಿ ಅಣ್ಣ ಹಟ ಹಿಡಿದು ಮತ್ತೆ ಚೌಕಾ ಹಾಕಿಸಿದ. ಮನೆಗೆ ಅಂಟಿದ ಅಪಕೀರ್ತಿ ತೊಳೆಯಬೇಕಿತ್ತು. ಕಲಶ ಹಿಡಿದು ನಿಲ್ಲಲು ಸುಜಯನ ಜೊತೆ ಯಾರು? ಅಣ್ಣ ಪೂನಮಳ ಹೆಸರು ಹೇಳಿದಾಗ ವೈನಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಹಾರಾಜರು ಇವರ ಮುಂದೆ ನಿಲ್ಲುವುದಿಲ್ಲ ಎಂದು ಅವರಿಗೆ ಖಾತ್ರಿ ಇತ್ತು ಅಂತ ನನಗನಿಸುತ್ತದೆ.

ಮಹಾರಾಜರು ಮೊದಲ ದಿನವೇ ನಿಂತರು.

ವೈನಿಯ ಮಂಚ ಚೌಕಾದ ಪಕ್ಕದ ಕೋಣೆಯಲ್ಲಿ. ಅಲ್ಲಿಂದ ಕಾಣುವುದಿಲ್ಲ, ಎಲ್ಲ ಕೇಳುತ್ತದೆ. ನಾನು ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ನನಗೆ ಎರಡೂ ಕಡೆ ಕಾಣುತ್ತಿತ್ತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಹಗುರ. ಪೂನಮ ಮುಚ್ಚಿಡದೇ ಕುಂಟುತ್ತ ಮೂರು ಸುತ್ತು ಹಾಕಿದ್ದು ವೈನಿಗೆ ಕೇಳಿತು. ಅದೇ ಹಾಲು, ಅದೇ ರೊಟ್ಟಿ. ಒಂದೊಂದೇ ತುತ್ತು, ಎರಡೆರಡು ಹೆಜ್ಜೆ. ಅಂತರಾಯವಿಲ್ಲದೇ ಆಹಾರ ಮುಗಿಯಿತು, ಓಣಿಯೆಲ್ಲ ಜಯಕಾರ ಕೂಗಿತು. ಮಹಾರಾಜರು ಎಲ್ಲರಿಗೂ ಕೈಯೆತ್ತಿ ಆಶೀರ್ವದಿಸಿ ಹೊರಟುಹೋದರು.

ವೈನಿ ನನ್ನನ್ನು ಹತ್ತಿರ ಕರೆದರು.

“ನನ್ನ ತಮ್ಮ ಆಕೀ ಕಾಲು ನೋಡಿದನೇನ?”

ಇಪ್ಪತ್ತೆರಡು ವರ್ಷದ ಮೇಲೆ ಆ ಶಬ್ದ ಅವರ ಬಾಯಲ್ಲಿ ಬಂದಿತ್ತು. ಸುಳ್ಳು ಹೇಳಬಹುದಿತ್ತು. ನನಗೂ ಒಂದಿಷ್ಟು ಕ್ರೌರ್ಯ ಬಂದಿತ್ತೋ ಏನೋ, ಹೇಳಲಿಲ್ಲ.

“ಇಲ್ರಿ ವೈನಿ. ತುತ್ತಷ್ಟ ನೋಡಿದ್ರು.”

ವೈನಿ ಗೋಡೆಯ ಕಡೆ ಹೊರಳಲು ನೋಡಿದರು. ತೊಡೆಗಳ ನಡುವೆ ದಿಂಬಿತ್ತು, ಸೊಂಟಕ್ಕೆ ಪಟ್ಟಿ ಇತ್ತು. ಮುಖ ಮರೆಮಾಡಬೇಕೆಂದರೂ ಪೂನಮಳನ್ನೇ ಕರೆಯಬೇಕಿತ್ತು. ಕರೆಯಲಿಲ್ಲ. ಕಣ್ಣೀರು ಎರಡೂ ಕಿವಿಗೆ ಇಳಿಯುತ್ತಿರಲು, ತಿರುಗುವ ಫ್ಯಾನು ನೋಡುತ್ತ ಹಾಗೇ ಮಲಗಿದರು.