ಹವಾಲ್ದಾರರ ಕತ್ತರಿ

ಕೋಪರಿಯ ನಮ್ಮ ಚಾಳಿನಲ್ಲಿ ಧಾರವಾಡ ಕಡೆಯ ನಿವೃತ್ತ ಹವಾಲ್ದಾರರೊಬ್ಬರಿದ್ದರು. ಯುದ್ಧದಲ್ಲಿ ಏನು ಮಾಡಿದಿರಿ ಎಂದು ಯಾರು ಕೇಳಿದರೂ ಬೆರಳು ಮಡಚುತ್ತಿದ್ದರು. “ಮುಂಜಾನೆ ಪಹರೆ, ಮಧ್ಯಾಹ್ನ ಚಪಾತಿ, ಸಂಜಿಗೆ ಹುಡುಗರ ತಲಿ ಕಟಿಂಗ್. ನಡುವ ಟೈಮ್ ಸಿಕ್ಕರ ಗುಂಡು ಹಾರ್ಸೂದು.”

ಕಲ್ಯಾಣದಲ್ಲಿ ಗುಮಾಸ್ತನಾಗಿದ್ದ ನನ್ನ ಅಣ್ಣನ ಮದುವೆಯ ಬೆಳಗ್ಗೆ ಕ್ಷೌರದವನು ಕೈಕೊಟ್ಟ. ಹವಾಲ್ದಾರರೇ ಕತ್ತರಿ ಹಿಡಿದು ಬಂದರು.

“ಅಂಕಲ್, ಸ್ವಲ್ಪ ಉದ್ದ ಬಿಡಿ” ಎಂದ ಅಣ್ಣ.

“ಅಲುಗಾಡಬ್ಯಾಡೋ ತಮ್ಮಾ. ಅಲ್ಲಿ ಒಬ್ಬಂವಗ ಅರ್ಧ ತಲಿ ಆಗೂದ್ರಾಗ ಶೆಲ್ ಬೀಳಾಕ ಹತ್ತಿದ್ವು. ಎರಡು ದಿನ ಹಂಗ ಕಾದಾಡಿದ. ತಿರುಗಿ ಬಂದಂವನ ನನ್ನ ಮುಂದ ಕುಂತು, ‘ಉಸ್ತಾದ್, ಉಳಿದದ್ದು ಮುಗಿಸ್ರಿ’ ಅಂದ.”

ಅಣ್ಣ ಕಣ್ಣು ಮುಚ್ಚಿ ತಲೆ ಬಗ್ಗಿಸಿದ.

ವಾಶಿಯ ಮಂಟಪದಲ್ಲಿ, ಊರಿನಿಂದ ಬಂದಿದ್ದ ಹುಡುಗಿಯ ಅಜ್ಜಿ ಮದುಮಗನ ತಲೆಯನ್ನೇ ನೋಡಿ ಅಮ್ಮನನ್ನು ಮೆಲ್ಲಗೆ ಕೇಳಿದರು, “ಹುಡುಗನಿಗೆ ರಜೆ ಎಷ್ಟು ದಿನ ಉಂಟು? ಬಾರ್ಡರಿಗೆ ವಾಪಸ್ ಯಾವಾಗ?”