ನೀಲಗಂಗವ್ವ ನೋಡದೆ ಉಳಿಸಿದ ಕಂತುಗಳು

ಗುಡ್ನಾಪುರದ ನೀಲಗಂಗವ್ವ ಗಂಡ ಸತ್ತ ದಿನ ಅಳಲಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಸಂಗಯ್ಯನಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದಾಗಲೂ ಆಕೆ ಬಂದವರಿಗೆ ಚಾಪೆ ಸಾಕಾಯಿತೇ, ನೀರು ಕೊಟ್ಟಾಯಿತೇ ಎಂದು ನೋಡುತ್ತಿದ್ದಳು. ಕಲ್ಲು ಮನಸ್ಸಿನವಳು ಎಂದರು. ಅನ್ನುವವರ ಬಾಯಿಗೆ ಹೊಲಿಗೆ ಹಾಕಲಾಗುತ್ತದೆಯೇ? ಮಣ್ಣು ಮುಗಿಸಿ ಮನೆಗೆ ಹೋಗಿ ಅವರೂ ಉಂಡು ಮಲಗಿದರು, ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಆಕೆ ದುಃಖ ಬರುತ್ತದೆಂದು ಕಾದಿದ್ದು ನಿಜ. ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೆ. ಕಾರ್ಯವೆಲ್ಲ ಮುಗಿದ ಮೇಲೆ ಎಂದಿನಂತೆ ಬನವಾಸಿಯ ಖಾನಾವಳಿಗೆ ರೊಟ್ಟಿ ಬಡಿಯಲು ಹೋದಳು.

ಮಗ ಪವನ್ ಕೂಸಾಗಿದ್ದಾಗಿನಿಂದ ಆಕೆಯ ಕೆಲಸ ಅದೇ. ಮಧ್ಯಾಹ್ನ ಒಲೆಯ ಮುಂದೆ ಕೂತರೆ ಏಳುವುದು ಕತ್ತಲಾದ ಮೇಲೆ. ಸಂಜೆ ಏಳರ ಧಾರಾವಾಹಿ ಎಂದರೆ ಆಕೆಗೆ ಪ್ರಾಣ, ಆದರೆ ಏಳಕ್ಕೆ ಆಕೆಯ ಕೈಯಲ್ಲಿ ಹಿಟ್ಟು. ಪವನ್ ಅನಾನಸಿನ ಲಾರಿ ಓಡಿಸಲು ಶುರು ಮಾಡಿದ ವರ್ಷ, ಕಾರ್ಯಕ್ರಮ ಹಿಡಿದಿಡುವಂಥ ಡಿಶ್ ಬಾಕ್ಸು ತಂದುಕೊಟ್ಟ. ಅಂದಿನಿಂದ ಸಂಗಯ್ಯನಿಗೊಂದು ಉದ್ಯೋಗ ಸಿಕ್ಕಿತು. ಏಳಾಗುತ್ತಲೇ ರಿಮೋಟಿನ ಕೆಂಪು ಗುಂಡಿ ಒತ್ತುವುದು, ಆಮೇಲೆ ಸ್ಕೂಟರ್ ಹತ್ತಿ ಹೆಂಡತಿಯನ್ನು ಕರೆತರುವುದು. ಉಂಡ ಮೇಲೆ ಆಕೆ ನೋಡುತ್ತಿದ್ದಳು, ಆತ ಪಕ್ಕದಲ್ಲಿ ತೂಕಡಿಸುತ್ತಿದ್ದ. ನಡುವೆ ಒಮ್ಮೆ ಕಣ್ಣು ಬಿಟ್ಟು, "ಆ ಕೆಟ್ಟ ಅತ್ತಿ ಇನ್ನೂ ಸತ್ತಿಲ್ಲೇನು?" ಎಂದು ಕೇಳಿ ಮತ್ತೆ ಕಣ್ಣು ಮುಚ್ಚುತ್ತಿದ್ದ.

ಆತ ಸಾಯುವ ಮುಂಚಿನ ಆ ಮದುವೆಗಾಲದಲ್ಲಿ ಖಾನಾವಳಿಗೆ ಎಲ್ಲಿಲ್ಲದ ಆರ್ಡರು ಬಂದವು. ನೀಲಗಂಗವ್ವನಿಗೆ ರಟ್ಟೆ ನೋವು, ಉಂಡ ಕೂಡಲೇ ನಿದ್ದೆ. ಕಂತುಗಳು ನೋಡದೆ ಉಳಿದವು. ಸಂಗಯ್ಯ ಮಾತ್ರ ಗುಂಡಿ ಒತ್ತುವುದನ್ನು ಬಿಡಲಿಲ್ಲ.

"ನೋಡೋರ ಇಲ್ಲ, ಯಾಕ ಹಿಡೀತೀರಿ?" ಎಂದರೆ, "ಇರ್ಲಿ ಬಿಡು, ಮಳಿ ಹತ್ತಿದ ಮ್ಯಾಲ ಕುಂತು ನೋಡೂಣು" ಎನ್ನುತ್ತಿದ್ದ. ಮಳೆ ಹತ್ತುವ ಮೊದಲೇ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಹಿಂದಿನ ಸಂಜೆಯ ಕಂತೂ ಬಾಕ್ಸಿನಲ್ಲಿತ್ತು.

ಆಮೇಲೆ ಆಕೆ ದಿನಾ ಕೆಲಸದಿಂದ ಬಂದು ಟಿವಿಯಲ್ಲಿ ಆ ಪಟ್ಟಿಯನ್ನು ತೆರೆಯುತ್ತಿದ್ದಳು. ಒಂದೇ ಹೆಸರು, ಕೆಳಕೆಳಗೆ ಬೇರೆ ಬೇರೆ ತಾರೀಖು. ಕೊನೆಯವರೆಗೆ ಇಳಿದು ನೋಡಿ ಮುಚ್ಚಿಬಿಡುತ್ತಿದ್ದಳು. ಒಂದನ್ನೂ ಹಚ್ಚಲಿಲ್ಲ. ನೋಡಿದರೆ ಮುಗಿದುಹೋಗುತ್ತವೆ ಎಂಬ ಭಯ ಆಕೆಗೆ. ಆ ದಿನಗಳಲ್ಲಿ ಆಕೆಗೆ ಆಗುತ್ತಿದ್ದುದು ಆ ಭಯ ಒಂದೇ.

ಮುಂದಿನ ಬೇಸಿಗೆಯಲ್ಲಿ ಸೊಸೆ ಮಹೇಶ್ವರಿ ಏನೋ ಅಡುಗೆ ಕಾರ್ಯಕ್ರಮ ಹಿಡಿಯಲು ಹೋದಳು. ಜಾಗ ತುಂಬಿದೆ, ಹಳೆಯವನ್ನು ಅಳಿಸಲೇ ಎಂದು ಬಾಕ್ಸು ಕೇಳಿತು.

"ಅದರಾಗಿಂದು ಒಂದೂ ಹೋಗಬಾರದು," ಎಂದಳು ನೀಲಗಂಗವ್ವ.

ಮಹೇಶ್ವರಿ ಒಳ್ಳೆಯ ಹುಡುಗಿ, ಯಾಕೆ ಎಂದು ಕೇಳಲಿಲ್ಲ. ಬನವಾಸಿಯಲ್ಲಿ ಡಿಶ್ ರಿಪೇರಿ ಮಾಡುವ ದರ್ಶನನನ್ನು ಕರೆಸಿದಳು. ಆತ ಅಂಗೈಯಗಲದ ಹಾರ್ಡ್ ಡಿಸ್ಕ್ ತಂದು ಬಾಕ್ಸಿನ ಹಿಂದೆ ಸಿಕ್ಕಿಸಿದ.

"ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳತೈತಿ ನೋಡ್ರಿ. ಹೂಂ ಅನ್ನೋಕಿಂತ ಮೊದಲ ಯಾವ ಡಿಸ್ಕಿನ ಹೆಸರು ಐತಿ ನೋಡಬೇಕು. ಇದು ಹೊಸಾದು, ಹೂಂ ಅನ್ನೂಣು. ಬಾಕ್ಸಿನ ಒಳಗಿಂದಕ್ಕ ಹೂಂ ಅಂದ್ರ ಹಿಡಿದಿಟ್ಟಿದ್ದೆಲ್ಲಾ ಅಳಿಸಿ ಹೋಗತೈತಿ. ಇನ್ನ ಹೊಸಾವೆಲ್ಲಾ ಇದರಾಗ ಬೀಳ್ತಾವ, ಹಳೇವು ಇದ್ದಲ್ಲೇ ಇರ್ತಾವ."

ಇಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಾಕ್ಸು ಮನೆಯವರೆಲ್ಲ ಕೈಯಾಡಿಸುವ ವಸ್ತು, ಯಾರಾದರೂ ಅಳಿಸಿಬಿಟ್ಟರೆ? ಹಳೆಯವನ್ನೇ ಹೊಸ ಡಿಸ್ಕಿಗೆ ಸಾಗಿಸಿ, ಬಿಚ್ಚಿ ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು ನೀಲಗಂಗವ್ವ. ಕೊಟ್ಟಿದ್ದು ತನಗೆ, ಬಚ್ಚಿಟ್ಟಿದ್ದು ಪರರಿಗೆ ಎನ್ನುವ ಮಾತನ್ನು ನೂರು ಸಲ ಕೇಳಿದವಳೇ ಆಕೆ. ಕೇಳಿದ್ದೆಲ್ಲ ತಲೆಗೆ ಹತ್ತುವಂತಿದ್ದರೆ ಇನ್ನೇನು ಬೇಕಿತ್ತು.

"ಸಾಗಸಬಹುದ್ರಿ ಅವ್ವಾರ. ಆದ್ರ ಈ ಬಾಕ್ಸು ಬಿಟ್ಟು ಬ್ಯಾರೆ ಕಡೆ ನಡಿಯಂಗಿಲ್ಲ," ಎಂದ ದರ್ಶನ. "ಭಾಳ ಹೊತ್ತು ಹಿಡೀತೈತಿ. ನೀಲಿ ದೀಪ ಮಿಣಕತಿರೂತನಕ ಪಿನ್ನು ಕೀಳಬ್ಯಾಡ್ರಿ. ಅರ್ಧಕ್ಕ ನಿಂತ್ರ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ."

ಕರೆಂಟು ಹೋದರೆ ಎಂದು ಮಹೇಶ್ವರಿ ಬಾಕ್ಸಿನ ಪಿನ್ನನ್ನು ಇನ್ವರ್ಟರಿನ ಪ್ಲಗ್ಗಿಗೆ ಹಾಕಿದಳು. ಕರೆಂಟಿನ ಭಯಕ್ಕೆ ಇನ್ವರ್ಟರ್ ಇತ್ತು, ಕೈಯ ಭಯ ಯಾರಿಗೂ ಇರಲಿಲ್ಲ.

ಅಂದು ಅಮಾವಾಸ್ಯೆ, ಖಾನಾವಳಿಗೆ ರಜೆ. ನೀಲಗಂಗವ್ವ ಊಟ ಮಾಡಿ ದೀಪದ ಎದುರಿಗೇ ಗೋಡೆಗೆ ಒರಗಿ ಕೂತಳು. ಮೂಡಣದಲ್ಲಿ ಮೋಡ ಕಟ್ಟಿತು. ಮಹೇಶ್ವರಿ ಸಂಡಿಗೆ ತೆಗೆಯಲು ಮಾಳಿಗೆ ಹತ್ತಿದಳು. ಕೂತಲ್ಲೇ ಅತ್ತೆಗೆ ಜೊಂಪು ಹತ್ತಿತು.

ಹಿಂದೊಮ್ಮೆ ನೆರೆಮನೆಯ ಜಟ್ಟಪ್ಪನ ಟಿವಿ ಸಿಡಿಲಿಗೆ ಸುಟ್ಟಿತ್ತು. ಅಂದಿನಿಂದ ಆಕಾಶ ಒಂಚೂರು ಗುಡುಗಿದರೆ ಸಾಕು, ಸಂಗಯ್ಯ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಿದ್ದ: "ಏ, ಪಿನ್ನು ಕೀಳ!" ಈ ಕಡೆ ಎಲ್ಲರ ಮನೆಯಲ್ಲೂ ಕೀಳುತ್ತಾರೆ, ಹೊಸದೇನಲ್ಲ. ಆದರೆ ಸಂಸಾರದುದ್ದಕ್ಕೂ ಗಂಡನ ಮಾತುಗಳಲ್ಲಿ ನೀಲಗಂಗವ್ವ ಎದುರಾಡದೆ ಕೇಳಿದ್ದು ಅದೊಂದೇ.

ಕೆರೆಯ ಮೇಲೆ ಗುಡುಗಿತು. ನೀಲಗಂಗವ್ವ ಎದ್ದಳು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ, ಕೈ ಮಾತ್ರ ತನ್ನ ದಾರಿ ತಾನು ಹಿಡಿಯಿತು. ಮೊದಲು ಟಿವಿಯದು, ಆಮೇಲೆ ಬಾಕ್ಸಿನದು. ಎರಡೂ ಪಿನ್ನು ಕೈಯಲ್ಲಿ ಹಿಡಿದು ತಿರುಗಿದಾಗ ನೀಲಿ ದೀಪ ಇರಲಿಲ್ಲ.

ಮಹೇಶ್ವರಿ ಓಡಿಬಂದು ಮತ್ತೆ ಹಚ್ಚಿದಳು. ಡಿಸ್ಕ್ ಓದಲಾಗುತ್ತಿಲ್ಲ ಎಂದಿತು ಬಾಕ್ಸು. ಒಳಗಿನ ಪಟ್ಟಿಯೂ ಬರಿದು. ಮರುದಿನ ದರ್ಶನ ಬಂದು ಡಿಸ್ಕನ್ನು ಅಂಗಡಿಗೂ ಒಯ್ದು ನೋಡಿದ. ಸಂಜೆಗೆ ತಂದುಕೊಟ್ಟು, "ಏನೂ ಉಳಿದಿಲ್ರಿ ಅವ್ವಾರ," ಎಂದು ತಲೆ ತಗ್ಗಿಸಿದ. ನೀಲಗಂಗವ್ವ ಆತನಿಗೆ ಚಹಾ ಕೊಟ್ಟಳು.

ಆತ ಹೋದ ಮೇಲೆ ಮಹೇಶ್ವರಿ ಫೋನು ಹಿಡಿದುಕೊಂಡು ಹತ್ತಿರ ಬಂದು ಕೂತಳು.

"ಅತ್ತಿ, ಇಲ್ಲಿ ನೋಡ್ರಿ. ಆ ಧಾರಾವಾಹಿ ಎಲ್ಲಾ ಇದರಾಗ ಐತಿ. ಒಂದು ಕಂತೂ ಬಿಟ್ಟಿಲ್ಲ. ಯಾವ ತಾರೀಖಿಂದು ಹಚ್ಚಲಿ ಹೇಳ್ರಿ."

ನೀಲಗಂಗವ್ವ ಫೋನಿನ ಮೇಲೆ ಸಾಲಾಗಿ ನಿಂತ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

"ಇವು ಎಲ್ಲಾರಿಗೂ ಇಟ್ಟಿದ್ದು, ಮಹೇಶ್ವರಿ," ಎಂದಳು. "ನಿಮ್ಮ ಮಾವ ನನಗಂತ ಇಟ್ಟಿದ್ದು ಹೋತು."

ಮಹೇಶ್ವರಿ ಫೋನು ಆರಿಸಿದಳು.